ಮೀನಿನ ವಯಸ್ಸು ಮತ್ತು ಸಂತಾನಶಕ್ತಿ: ಮೀನುಗಾರರ ಹಾಗೂ ಸಾರ್ವಜನಿಕರ ಗಮನಕ್ಕೆ

ಮನುಷ್ಯನ ಬೆಳವಣಿಗೆ ಪ್ರಾಯಕ್ಕೆ ಬಂದ ಬಳಿಕ ನಿಲ್ಲುತ್ತದೆ. ಆದರೆ ಬಹುತೇಕ ಮೀನುಗಳು, ವೇಗ ಕುಗ್ಗಿದರೂ, ಜೀವಮಾನವಿಡೀ ಬೆಳೆಯುತ್ತಿರುತ್ತವೆ. ಆದ್ದರಿಂದ ಹಿರಿಯ ಮೀನನ್ನು ಶಕ್ತಿಗುಂದಿದ ಮೀನು ಎಂದು ಭಾವಿಸುವುದು ಸರಿಯಲ್ಲ.

ವಯಸ್ಸನ್ನು ಗುರುತಿಸುವ ವಿಧಾನ

ಮೀನಿನ ತಲೆಯೊಳಗೆ ಸುಣ್ಣದ ಅಂಶದಿಂದಾದ ಸಣ್ಣ ಕಿವಿಗಲ್ಲುಗಳಿರುತ್ತವೆ. ಮರದ ಕಾಂಡದಲ್ಲಿರುವಂತೆ ಇವುಗಳಲ್ಲಿಯೂ ಬೆಳವಣಿಗೆಯ ಉಂಗುರಗಳು ಮೂಡುತ್ತವೆ. ವಿಜ್ಞಾನಿಗಳು ಇವುಗಳನ್ನು ಎಣಿಸಿ ವಯಸ್ಸನ್ನು ಅಂದಾಜು ಮಾಡುತ್ತಾರೆ. ಎಳೆಯ ಮೀನುಗಳಲ್ಲಿ ದಿನಕ್ಕೊಂದರಂತೆ ಮೂಡುವ ಸೂಕ್ಷ್ಮ ಉಂಗುರಗಳನ್ನೂ ಎಣಿಸಬಹುದಾಗಿದೆ.

ವಯಸ್ಸಾದಂತೆ ಆಗುವ ಬದಲಾವಣೆಗಳು

1. ಬೆಳವಣಿಗೆ: ಎಳೆಯ ಮೀನಿನ ಆಹಾರವು ಮುಖ್ಯವಾಗಿ ಮೈ ಬೆಳೆಯಲು ವಿನಿಯೋಗವಾಗುತ್ತದೆ. ಪ್ರೌಢಾವಸ್ಥೆಯ ನಂತರ ಅದರ ದೊಡ್ಡ ಪಾಲು ಮೊಟ್ಟೆಗಳ ಉತ್ಪತ್ತಿಗೆ ಹೋಗುತ್ತದೆ.

2. ಉಸಿರಾಟ: ದೇಹ ದೊಡ್ಡದಾದಂತೆ ಪ್ರತಿ ಕಿಲೋಗ್ರಾಂ ತೂಕಕ್ಕೆ ಬೇಕಾಗುವ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆ.

3. ಸಂತಾನಶಕ್ತಿ: 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಟ್ಲಾಂಟಿಕ್ ಸಾಗರದ 30 ಕಿಲೋಗ್ರಾಂ ತೂಕದ ಒಂದು ಕಾಡ್ ಹೆಣ್ಣುಮೀನು, ತಲಾ 2 ಕಿಲೋಗ್ರಾಂ ತೂಕದ 28 ಹೆಣ್ಣುಮೀನುಗಳು ಒಟ್ಟಾಗಿ ಇಡುವುದಕ್ಕಿಂತ ಹೆಚ್ಚು ಮೊಟ್ಟೆಗಳನ್ನು ಇಡುತ್ತದೆ.

4. ಪಾದರಸ: ಶಾರ್ಕ್, ಕತ್ತಿಮೀನು ಮುಂತಾದ ದೊಡ್ಡ ಬೇಟೆಮೀನುಗಳ ಮಾಂಸದಲ್ಲಿ ವಯಸ್ಸಿನೊಂದಿಗೆ ಪಾದರಸ ಶೇಖರವಾಗುತ್ತದೆ. ಗರ್ಭಿಣಿಯರು ಇವುಗಳ ಬದಲು ಬೂತಾಯಿಯಂತಹ ಸಣ್ಣ ಮೀನುಗಳನ್ನು ಸೇವಿಸುವುದು ಸೂಕ್ತ.

ಈ ನಿಯಮ ಎಲ್ಲ ಕಡಲಜೀವಿಗಳಿಗೂ ಅನ್ವಯಿಸುವುದಿಲ್ಲ. ಹೆಣ್ಣು ಆಕ್ಟೋಪಸ್ ಸಾಮಾನ್ಯವಾಗಿ ಒಮ್ಮೆ ಮಾತ್ರ ಮೊಟ್ಟೆಯಿಟ್ಟು, ಆಹಾರ ತ್ಯಜಿಸಿ, ಮರಿಗಳು ಹೊರಬರುವ ವೇಳೆಗೆ ಸಾಯುತ್ತದೆ.

ನಮ್ಮ ಕರಾವಳಿಗೆ ಇದರ ಮಹತ್ವ

ಬೂತಾಯಿಯ ಆಯುಷ್ಯ ಕೆಲವೇ ವರ್ಷಗಳು. ಅದು ಮುಖ್ಯವಾಗಿ ಮಳೆಗಾಲದಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಡುವ ಮೊದಲೇ ಬಲೆಗೆ ಸಿಕ್ಕ ಮೀನಿನಿಂದ ಮುಂದಿನ ಪೀಳಿಗೆಗೆ ಏನೂ ಉಳಿಯುವುದಿಲ್ಲ. ಅಂಜಲ್‌ನಂತಹ ದೀರ್ಘಾಯುಷಿ ಮೀನುಗಳಲ್ಲಿ, ಎಳೆಯವನ್ನು ಹಿಡಿದರೆ ಹಲವು ವರ್ಷಗಳ ಸಂತಾನ ನಷ್ಟವಾಗುತ್ತದೆ. ಹಿರಿಯ ಹೆಣ್ಣುಮೀನುಗಳೆಲ್ಲ ಬರಿದಾದರೆ ಸಂತತಿ ಚೇತರಿಸಿಕೊಳ್ಳಲು ದೀರ್ಘಕಾಲ ಬೇಕಾಗುತ್ತದೆ. ಇಂದಿನ ಹೆಚ್ಚುವರಿ ಹಿಡುವಳಿಯು ನಾಳಿನ ಬರಿದಾದ ಬಲೆಗೆ ಕಾರಣವಾಗಬಹುದು.

ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕೆ ನಿಷೇಧವನ್ನು ವಿಧಿಸುವುದರ ಹಿಂದೆಯೂ ಇದೇ ತತ್ವವಿದೆ.

ದೋಣಿ ನೋಂದಣಿ ಹಾಗೂ ಮೀನುಗಾರಿಕೆ ಪರವಾನಗಿಗಾಗಿ ಅರ್ಜಿ ಸಲ್ಲಿಸುವವರು ನಿಷೇಧದ ಅವಧಿಯನ್ನು ಪಾಲಿಸುವಂತೆಯೂ, ಮರಿಮೀನುಗಳನ್ನು ಹಿಡಿಯುವ ಸಣ್ಣ ಕಣ್ಣಿನ ಬಲೆಗಳನ್ನು ಬಳಸದಂತೆಯೂ ಕೋರಲಾಗಿದೆ.