ಮೊದಲು ಕಾಣುವುದು ಉಣಿಸುವ ಕೈಗೆ

‘ಅಜ್ಜಿ ಯಾಕೋ ದಿನದ ಹಾಗಿಲ್ಲ ಸಾರ್. ನಿನ್ನೆಯಿಂದ ಅರ್ಧ ಮುದ್ದೆ ತಟ್ಟೇಲೇ ಬಿಡ್ತಾವ್ರೆ.’

ಮೈಸೂರಿನ ಹೊರವಲಯದ ವೃದ್ಧಾಶ್ರಮವೊಂದಕ್ಕೆ ಹೋಗಿದ್ದಾಗ, ಅಲ್ಲಿ ಅಜ್ಜಿಯರನ್ನು ನೋಡಿಕೊಳ್ಳುವ ಹೆಂಗಸೊಬ್ಬರು ವೈದ್ಯರಿಗೆ ಫೋನಿನಲ್ಲಿ ಹೀಗೆ ಹೇಳುತ್ತಿದ್ದರು. ಜ್ವರವಿಲ್ಲ, ಕೆಮ್ಮಿಲ್ಲ, ಬಿಪಿ ಸರಿಯಾಗಿದೆ. ಆದರೂ ವೈದ್ಯರು ಮಾತು ಮುಗಿಸಲಿಲ್ಲ. ನೀರೆಷ್ಟು ಕುಡಿದರು, ಬಚ್ಚಲಿಗೆ ಹೋಗುವಾಗ ಆಸರೆ ಹೆಚ್ಚು ಬೇಕಾಯಿತೇ, ಮಾತು ಕಡಿಮೆಯಾಗಿದೆಯೇ ಎಂದು ಒಂದೊಂದಾಗಿ ಕೇಳಿದರು. ಸಂಜೆ ಖುದ್ದಾಗಿ ಬಂದು ಪರೀಕ್ಷಿಸಿದರೆ ನ್ಯುಮೋನಿಯಾ ಶುರುವಾಗಿತ್ತು. ಆಶ್ರಮದಲ್ಲೇ ಚಿಕಿತ್ಸೆ ಆರಂಭವಾಯಿತು. ಆಸ್ಪತ್ರೆಯ ಅಲೆದಾಟ ತಪ್ಪಿತು. ನನಗೆ ಇವತ್ತಿಗೂ ಅದು ರೋಮಾಂಚನದ ಸಂಗತಿ.

ಇಳಿವಯಸ್ಸಿನಲ್ಲಿ ಸೋಂಕು ಎಷ್ಟೋ ಸಲ ಜ್ವರವಿಲ್ಲದೆ ಬರುತ್ತದೆ. ಊಟ ಸೇರದಿರುವುದು, ಮಂಕು, ಇದ್ದಕ್ಕಿದ್ದಂತೆ ಗೊಂದಲ, ಇಷ್ಟೇ ಸುಳಿವು. ಅದು ಸಿಗುವುದು ಸ್ನಾನ ಮಾಡಿಸುವವರಿಗೆ, ತುತ್ತು ಕೊಡುವವರಿಗೆ. 2000ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಥ ಸಹಾಯಕಿಯರು ಗುರುತಿಸಿದ ಬದಲಾವಣೆ ವೈದ್ಯಕೀಯ ದಾಖಲೆಗೆ ಏರುವುದಕ್ಕಿಂತ ಸರಾಸರಿ 5 ದಿನ ಮುಂದಿತ್ತು. ಆಮೇಲೆ ಅಲ್ಲಿ ‘ಸ್ಟಾಪ್ ಅಂಡ್ ವಾಚ್’ ಎಂಬ ಚೀಟಿ ಬಳಕೆಗೆ ಬಂತು. ಅದರಲ್ಲಿರುವುದು 12 ಲಕ್ಷಣಗಳು. ಸಹಾಯಕಿ ಗುರುತು ಹಾಕಿ ನರ್ಸಿಗೆ ಕೊಟ್ಟರಾಯಿತು.

ನರ್ಸ್ ಅದನ್ನು ವೈದ್ಯರಿಗೆ ತಿಳಿಸುವ ಕ್ರಮದ ಕಥೆ ಇನ್ನೂ ಸ್ವಾರಸ್ಯದ್ದು. ‘ಎಸ್‌ಬಾರ್’ ಎಂಬ ಆ ಪದ್ಧತಿಯ ಮೂಲ ಅಮೆರಿಕದ ನೌಕಾಪಡೆಯ ಅಣುಶಕ್ತಿ ಸಬ್‌ಮರೀನ್! ಅಲ್ಲಿ ಕೆಲಸ ಮಾಡಿದ್ದ ಡಗ್ ಬೊನಾಕಮ್ ಮತ್ತು ಸಂಗಡಿಗರು ಅದನ್ನು ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಗೆ ತಂದರು. ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನೀವೇನು ಮಾಡಬೇಕು ಎಂದು ನಾಲ್ಕೇ ಹೆಜ್ಜೆ. ಸಮುದ್ರದಡಿಯಲ್ಲಿ ಕಿರಿಯ ನಾವಿಕ ಅಧಿಕಾರಿಯೆದುರು ತಡವರಿಸುತ್ತ ನಿಂತರೆ ಎಲ್ಲರ ಪ್ರಾಣಕ್ಕೂ ಕುತ್ತು. ನನಗೆ ಬಹಳ ಹಿಡಿಸಿದ್ದು ಕೊನೆಯ ಹೆಜ್ಜೆ. ‘ಡಾಕ್ಟ್ರೇ, ನೀವು ಈಗಲೇ ಬಂದು ನೋಡಬೇಕು’ ಎನ್ನುವ ಅಧಿಕಾರವನ್ನು ಅದು ಕಿರಿಯರಿಗೆ ಕೊಡುತ್ತದೆ.

ನಮ್ಮಲ್ಲಿ ಆ ಮಾತು ಗಂಟಲಲ್ಲೇ ಉಳಿಯುತ್ತದೆ. ಆಯಾ ನರ್ಸಿಗೆ, ನರ್ಸ್ ಮ್ಯಾನೇಜರಿಗೆ, ಮ್ಯಾನೇಜರ್ ವೈದ್ಯರಿಗೆ ಹೇಳುವಷ್ಟರಲ್ಲಿ ‘ದಿನದ ಹಾಗಿಲ್ಲ’ ಎಂಬುದು ‘ವಿಶೇಷವೇನಿಲ್ಲ’ ಎಂದಾಗಿರುತ್ತದೆ. ಮೂವರು ತಜ್ಞರು ಬರೆದ ಮೂರು ಚೀಟಿಗಳಲ್ಲಿ ಒಂದೇ ಔಷಧ ಬೇರೆ ಬೇರೆ ಹೆಸರಿನಲ್ಲಿದ್ದರೂ, ಮಾತ್ರೆ ಕೊಡುವವರು ಕೇಳಲು ಅಂಜುತ್ತಾರೆ.

2007ರ ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೊಂದಾದರೂ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ಆಶ್ರಮದ ಮಾತಾಡುತ್ತದೆ. ಅಲ್ಲಿನ ವೈದ್ಯಕೀಯ ಸೇವೆಯ ಮಾನದಂಡವನ್ನು ರಾಜ್ಯಗಳಿಗೆ ಬಿಟ್ಟಿದೆ. ನೆದರ್ಲೆಂಡ್ಸ್ 1990ರ ಹೊತ್ತಿಗೇ ವೃದ್ಧರ ಆರೈಕೆ ಕೇಂದ್ರಗಳ ಚಿಕಿತ್ಸೆಯನ್ನು ಪ್ರತ್ಯೇಕ ವೈದ್ಯಕೀಯ ವಿಭಾಗವೆಂದು ಮಾನ್ಯ ಮಾಡಿತು. ಅಲ್ಲಿ ವೈದ್ಯರೂ ಸಾಮಾನ್ಯವಾಗಿ ಆರೈಕೆ ಕೇಂದ್ರದ ಸಿಬ್ಬಂದಿಯೇ. ಅಷ್ಟು ದೊಡ್ಡ ವ್ಯವಸ್ಥೆ ಇಲ್ಲಿ ನಾಳೆಯೇ ಬಾರದು. ಒಂದು ನೋಟ್‌ಬುಕ್, ಒಂದು ಫೋನ್ ನಂಬರು, ಆಯಾಳ ಮಾತನ್ನು ಪೂರ್ತಿ ಕೇಳುವ ವೈದ್ಯರು, ಇಷ್ಟಕ್ಕೆ ಹೆಚ್ಚು ಖರ್ಚಿಲ್ಲ.

ಅಪ್ಪ ಅಮ್ಮನಿಗಾಗಿ ಆಶ್ರಮ ನೋಡಲು ಹೋಗುವವರು ಕೊಠಡಿ, ತೋಟ ನೋಡಿದ ಮೇಲೆ ಅಲ್ಲಿ ಊಟ ಮಾಡಿಸುವವರನ್ನೂ ಮಾತಾಡಿಸಿ. ರಾತ್ರಿ ಹನ್ನೊಂದಕ್ಕೆ ಅನುಮಾನ ಬಂದರೆ ನೇರವಾಗಿ ವೈದ್ಯರಿಗೆ ಫೋನ್ ಮಾಡಬಹುದೇ ಎಂದು ದಯವಿಟ್ಟು ಕೇಳಿ.