ನರಚ್ಛೇದದ ಅನಂತರ ರಕ್ತದ ಒತ್ತಡ

ಭಯದಲ್ಲಿ ಎದೆ ಡವಗುಟ್ಟುವುದಕ್ಕೆ ದೇಹದಲ್ಲಿ ಎರಡು ದಾರಿಗಳುಂಟು. ಒಂದು, ಬೆನ್ನುಹುರಿಯಿಂದ ಹೊರಡುವ ಅನುವೇದಕ ನರಗಳು. ಇನ್ನೊಂದು, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಬಿಡುವ ಅಡ್ರಿನಲಿನ್ ಎಂಬ ಹಾರ್ಮೋನು. ಮೊದಲನೆಯದನ್ನು ಕಡಿದರೆ ಎರಡನೆಯದು ಏನು ಮಾಡೀತೆಂಬುದನ್ನು ಹಾರ್ವರ್ಡಿನ ಶರೀರಶಾಸ್ತ್ರಜ್ಞನಾದ ವಾಲ್ಟರ್ ಕ್ಯಾನನ್ ಬೆಕ್ಕುಗಳಲ್ಲಿ ಪರೀಕ್ಷಿಸಿದನು. ಹೃದಯದ ನರಗಳನ್ನೆಲ್ಲ ಕಡಿದ ಬೆಕ್ಕನ್ನು ಉದ್ರೇಕಗೊಳಿಸಿದರೆ ಅದರ ಹೃದಯವು ಕೊಂಚ ತಡವಾಗಿಯಾದರೂ ವೇಗವನ್ನು ಪಡೆಯುತ್ತಿದ್ದಿತು. ಅಡ್ರಿನಲ್ ಗ್ರಂಥಿಗಳನ್ನೂ ನಿಷ್ಕ್ರಿಯಗೊಳಿಸಿದಾಗ ಆ ವೇಗವು ಬಹುಮಟ್ಟಿಗೆ ಕಾಣದಾಯಿತು. ನರವನ್ನು ಕಳೆದುಕೊಂಡ ಅವಯವವು ಹಾರ್ಮೋನಿಗೆ ಮೊದಲಿಗಿಂತ ಹೆಚ್ಚಾಗಿ ಸ್ಪಂದಿಸುವುದೆಂಬುದೂ ಇಂತಹ ಪರೀಕ್ಷೆಗಳಿಂದಲೇ ಸ್ಪಷ್ಟವಾಯಿತು.

ಅನುವೇದಕ ನರಸರಣಿಯನ್ನೇ ಪೂರ್ತಿಯಾಗಿ ತೆಗೆದ ಬೆಕ್ಕುಗಳು ಪ್ರಯೋಗಶಾಲೆಯ ನೆಮ್ಮದಿಯಲ್ಲಿ ಬದುಕಿದುವು. ಆದರೆ ಸಿಟ್ಟಿನಲ್ಲಿ ಅವುಗಳ ಕೂದಲು ನಿಮಿರಲಿಲ್ಲ, ಚಳಿಯನ್ನು ತಡೆಯುವ ಶಕ್ತಿಯೂ ಕುಗ್ಗಿತು. ಆಲಂಕಾರಿಕರು ಸಾತ್ತ್ವಿಕಭಾವಗಳಲ್ಲಿ ಎಣಿಸಿರುವ ಸ್ವೇದ, ರೋಮಾಂಚಗಳು ಈ ನರಗಳ ಕಾರ್ಯವೇ ಎಂಬುದನ್ನು ಸಾಹಿತ್ಯಾಭ್ಯಾಸಿಗಳು ಇಲ್ಲಿ ನೆನೆಯಬಹುದು.

1940ರ ದಶಕದಲ್ಲಿ ಬೋಸ್ಟನ್ನಿನ ಸ್ಮಿತ್‌ವಿಕ್ ಮೊದಲಾದ ಶಸ್ತ್ರವೈದ್ಯರು ರಕ್ತದೊತ್ತಡವು ವಿಪರೀತವಾಗಿದ್ದ ರೋಗಿಗಳಲ್ಲಿ ಈ ನರಗಳನ್ನು ಕಡಿದರು. ಒತ್ತಡವು ಅನೇಕರಲ್ಲಿ ಇಳಿಯಿತು. ಎದ್ದು ನಿಂತೊಡನೆ ಕಣ್ಣು ಕತ್ತಲೆಗಟ್ಟುವ ಕಷ್ಟವೂ ಜೊತೆಗೇ ಬಂದಿತು. ಔಷಧಗಳು ದೊರೆತಮೇಲೆ ಆ ಚಿಕಿತ್ಸೆಯು ಹಿಂದೆ ಸರಿಯಿತು.

ಈಗಿನ ವಿಧಾನವು ಮಿತವಾದುದು. ತೊಡೆಯ ಧಮನಿಯ ಮೂಲಕ ಸಣ್ಣ ನಳಿಗೆಯನ್ನು ಮೂತ್ರಪಿಂಡದ ಧಮನಿಗೆ ಕಳುಹಿಸಿ, ಅದರ ಸುತ್ತಣ ನರಗಳನ್ನು ಮಾತ್ರ ಶಾಖದಿಂದ ಸುಡುವರು. ಇದರಿಂದ ಮೂತ್ರಪಿಂಡವು ಉಪ್ಪನ್ನು ಹಿಡಿದಿಡುವುದೂ ರೆನಿನ್ ಎಂಬ ದ್ರವ್ಯವನ್ನು ಬಿಡುವುದೂ ತಗ್ಗಬೇಕು. ಅಡ್ರಿನಲ್ ಗ್ರಂಥಿಗಳ ನರಗಳನ್ನು ಮುಟ್ಟುವುದಿಲ್ಲವಾದುದರಿಂದ ಭಯದ ಹಾರ್ಮೋನು ಎಂದಿನಂತೆ ಹರಿಯುತ್ತದೆ. 2014ರ ಪರೀಕ್ಷೆಯೊಂದರಲ್ಲಿ ಹುಸಿ ಚಿಕಿತ್ಸೆ ಪಡೆದವರಲ್ಲಿಯೂ ಒತ್ತಡವು ಹೆಚ್ಚುಕಡಿಮೆ ಅಷ್ಟೇ ಇಳಿದುದು ಈ ವಿಧಾನದ ಉತ್ಸಾಹಿಗಳಿಗೆ ತಕ್ಕ ಪಾಠವಾಯಿತು. ಬಳಿಕ ತಿದ್ದಿ ನಡೆಸಿದ ಪರೀಕ್ಷೆಗಳ ಬಲದಿಂದ 2023ರಲ್ಲಿ ಅಮೆರಿಕದ ಸರ್ಕಾರವು ಇಂತಹ ಎರಡು ಉಪಕರಣಗಳಿಗೆ ಅನುಮತಿಯಿತ್ತಿತು.

ಹೃದಯದ ಲಯ ತಪ್ಪಿದವರಲ್ಲಿ ಎಡ ಹೃತ್ಕರ್ಣಕ್ಕೆ ಸೇರುವ ಶ್ವಾಸಕೋಶದ ಅಭಿಧಮನಿಗಳ ಬಾಯಿಯನ್ನು ಸುಡುವುದು ಬೇರೊಂದು ಚಿಕಿತ್ಸೆ. ಅಲ್ಲಿ ವೇಗಸ್ ನರದ ಗಂಟುಗಳಿಗೂ ಪೆಟ್ಟಾಗಿ, ವಿಶ್ರಾಂತಿಯಲ್ಲಿಯೂ ನಾಡಿಯ ಬಡಿತವು ಹೆಚ್ಚುವುದುಂಟು. 2020ರಲ್ಲಿ ಪ್ರಕಟವಾದ, 302 ರೋಗಿಗಳ ಪರೀಕ್ಷೆಯಲ್ಲಿ ಎರಡನ್ನೂ ಕೂಡಿಸಿ ನೋಡಿದರು. ಹೃದಯದಲ್ಲಿ ಮಾತ್ರ ಸುಟ್ಟವರ ಮೇಲಣ ಒತ್ತಡವು ವರ್ಷದಲ್ಲಿ ಪಾದರಸದ 151 ಮಿಲಿಮೀಟರಿನಿಂದ 147ಕ್ಕೆ ಇಳಿಯಿತು. ಮೂತ್ರಪಿಂಡದ ನರಗಳನ್ನೂ ಸುಟ್ಟವರಲ್ಲಿ 150ರಿಂದ 135ಕ್ಕೆ. ಲಯಭಂಗವು ಮರುಕಳಿಸದಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 56.5, ಎರಡನೆಯದರಲ್ಲಿ 72.1.