ನಿಮಗಿದು ಗೊತ್ತೆ? ಖಿನ್ನತೆಯ ಔಷಧವೂ ನೆನಪಿನ ಶಕ್ತಿಯೂ

ಖಿನ್ನತೆಗೆ ಗುಳಿಗೆ ಸೇವಿಸುವವರು ಮರೆವು ಹೆಚ್ಚಿತೆಂದು ಹೇಳಿಕೊಂಡಾಗ ಮನೆಯವರು ಒಡನೆಯೇ ಗುಳಿಗೆಯನ್ನು ದೂರುವುದು ಸಹಜವಾದರೂ, ಓದಿದ ಪುಟ ಮನಸ್ಸಿನಲ್ಲಿ ನಿಲ್ಲದಿರುವುದು, ಸಣ್ಣ ನಿರ್ಧಾರಕ್ಕೂ ಬುದ್ಧಿ ತಡವರಿಸುವುದು ಮೊದಲಾದುವು ಬಹುಮಟ್ಟಿಗೆ ಆ ವ್ಯಾಧಿಯ ಲಕ್ಷಣಗಳೇ ಆಗಿದ್ದು, ಎಷ್ಟೋ ವೇಳೆ ಔಷಧಕ್ಕೆ ಮುಂಚೆಯೇ ತಲೆದೋರಿರುತ್ತವೆ.

ಆದರೆ ಔಷಧಗಳೆಲ್ಲವೂ ಒಂದೇ ಬಗೆಯವಲ್ಲ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ರೋಲಾಂಡ್ ಕೂನ್ ಅವರು ಖಿನ್ನತೆಗೆ ಉಪಯುಕ್ತವೆಂದು ಕಂಡುಕೊಂಡ ಇಮಿಪ್ರಮೀನ್, ಅದರ ಕುಲಕ್ಕೇ ಸೇರಿದ ಅಮಿಟ್ರಿಪ್ಟಿಲೀನ್ ಇವು, ಸ್ಮರಣೆಗೆ ಅತ್ಯವಶ್ಯವಾದ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕದ ಕಾರ್ಯಕ್ಕೆ ಅಡ್ಡಿಯಾಗುವುದರಿಂದ, ವಿಶೇಷವಾಗಿ ವೃದ್ಧರಲ್ಲಿ ಮರೆವನ್ನೂ ಗೊಂದಲವನ್ನೂ ಉಂಟುಮಾಡಬಲ್ಲವು; ತರುವಾಯ ಬಂದ ಫ್ಲೂಆಕ್ಸೆಟಿನ್, ಸರ್ಟ್ರಲೀನ್ ಮುಂತಾದುವುಗಳಲ್ಲಿ ಈ ದೋಷ ಬಹಳ ಕಡಿಮೆ.

ಹಾಗೆಂದು ಮನಸ್ಸು ತಿಳಿಯಾದೊಡನೆ ಬುದ್ಧಿಯೂ ಚುರುಕಾಗುವುದೆನ್ನಲಾಗದು. 1,008 ರೋಗಿಗಳಿಗೆ ಮೂರು ಔಷಧಗಳಲ್ಲೊಂದನ್ನು 8 ವಾರ ಕೊಟ್ಟು ನಡೆಸಿ, 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆ ಇಳಿದವರಲ್ಲಿಯೂ ಅವಧಾನ, ಪದಸ್ಮೃತಿ, ನಿರ್ಧಾರದ ವೇಗ ಇವುಗಳ ಕೊರತೆ ಉಳಿದೇ ಇದ್ದಿತು. ಇಂಥ ಕೊರತೆಯನ್ನು ಅಳೆಯುವ ಪರೀಕ್ಷೆಗಳಲ್ಲೊಂದು, 1ರಿಂದ 9ರವರೆಗಿನ ಅಂಕಿಗಳಿಗೆ ಒಂದೊಂದು ಗುರುತು ಗೊತ್ತುಮಾಡಿ, ಸಾಲಾಗಿ ಬರೆದ ಅಂಕಿಗಳ ಕೆಳಗಣ ಚೌಕಗಳಲ್ಲಿ ಆಯಾ ಗುರುತನ್ನು ನಿಯಮಿತ ಕಾಲದೊಳಗೆ ತುಂಬಿಸುವಂಥದು. ವೊರ್ಟಿಯಾಕ್ಸೆಟಿನ್ ಎಂಬ ಈಚಿನ ಔಷಧವನ್ನು ಸೇವಿಸಿದವರು ಇದರಲ್ಲಿ ಅಲ್ಪಸ್ವಲ್ಪ ಮುಂದಾದುದು ಆಶಾದಾಯಕವಾದ ಸಂಗತಿ.

ಮರೆವು ಬಾಧಿಸಿದರೆ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸದೆ, ಸಂಕೋಚಪಡದೆ ವೈದ್ಯರಿಗೆ ತಿಳಿಸಿರಿ. ಔಷಧವನ್ನೋ ಅದರ ಪ್ರಮಾಣವನ್ನೋ ಬದಲಿಸುವ ದಾರಿ ಅವರಲ್ಲಿದೆ.